ಪದಕದ ಚಿತ್ರದಲ್ಲಿ ಇಲ್ಲದ ಆಟಗಾರ

2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಭಾರತದ ಪುರುಷರ ಹಾಕಿ ತಂಡ ಜರ್ಮನಿಯನ್ನು 5–4 ಗೋಲುಗಳಿಂದ ಸೋಲಿಸಿ ಒಲಿಂಪಿಕ್ ಕಂಚಿನ ಪದಕ ಗೆದ್ದಿತು. 1980ರ ಮಾಸ್ಕೋ ಚಿನ್ನದ ನಂತರ ಹಾಕಿಯಲ್ಲಿ ನಮಗೆ ಬಂದ ಮೊದಲ ಒಲಿಂಪಿಕ್ ಪದಕ ಅದು. ನಲವತ್ತೊಂದು ವರ್ಷಗಳ ಬರಗಾಲ ಅಂದು ಮುಗಿಯಿತು. ಮರುದಿನ ಪತ್ರಿಕೆಗಳಲ್ಲಿ ಬಂದ ಚಿತ್ರದಲ್ಲಿ ಪಂಜಾಬಿನ ಹುಡುಗರಿದ್ದರು, ಒಡಿಶಾದವರಿದ್ದರು, ಮಣಿಪುರದವರೊಬ್ಬರಿದ್ದರು, ಕೇರಳದ ಗೋಲ್‌ಕೀಪರ್ ಇದ್ದರು. ಕರ್ನಾಟಕದವರು ಮಾತ್ರ ಯಾರೂ ಇರಲಿಲ್ಲ. ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಆಡಿದ್ದರೆಂಬುದು ನೆನಪಿದ್ದವರಿಗೆ ಸಂತೋಷದ ನಡುವೆಯೂ ಎಲ್ಲೋ ಒಂದು ಮುಳ್ಳು ಚುಚ್ಚಿದಂತಾಗಿರಬೇಕು.

ಅದಾಗಿ ಎಂಟು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 1ರಂದು, ಎಸ್.ವಿ. ಸುನಿಲ್ ಅಂತರರಾಷ್ಟ್ರೀಯ ಹಾಕಿಯಿಂದ ನಿವೃತ್ತಿ ಘೋಷಿಸಿದರು. ಹದಿನಾಲ್ಕು ವರ್ಷಗಳ ಆಟ, ದೇಶದ ಪರವಾಗಿ 264 ಪಂದ್ಯಗಳು, 72 ಗೋಲುಗಳು, ಎರಡು ಒಲಿಂಪಿಕ್ಸ್. ಆ ಪದಕದ ಚಿತ್ರದಲ್ಲಿ ಇರಬಹುದಾಗಿದ್ದ, ಆದರೆ ಇಲ್ಲದೆ ಹೋದ ಕನ್ನಡದ ಹುಡುಗ ಅವರೇ.

ಈ ಅಂಕಣ ವಿಜ್ಞಾನದ್ದು, ಶಾಲೆಯದ್ದು. ಆಟಕ್ಕೆ ಪತ್ರಿಕೆಯಲ್ಲಿ ಬೇರೆಯೇ ಪುಟವಿದೆ ಎಂದು ನೀವು ಹೇಳಬಹುದು. ನಿಜ. ಆದರೆ ಪ್ರತಿ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟ ಮುಗಿದ ಮೇಲೆ ಮೇಷ್ಟರಾದವರನ್ನು ಹುಡುಕಿಕೊಂಡು ಒಂದು ಪ್ರಶ್ನೆ ಬಂದೇ ಬರುತ್ತದೆ. "ಸಾರ್, ಹುಡುಗ ಆಟದಲ್ಲಿ ಮುಂದಿದ್ದಾನೆ ಅಂತಾರೆ. ಕ್ರೀಡಾ ಹಾಸ್ಟೆಲಿಗೆ ಹಾಕೋಣವೋ ಬೇಡವೋ? ಹಾಕಿದರೆ ನಾಳೆ ಅವನ ಗತಿ ಏನು?" ನಮ್ಮ ಮರಳವಾಡಿ ಕಡೆ ಹಾಕಿ ಕೋಲು ಅಪರೂಪ, ಕೇಳುವವರ ಮಕ್ಕಳು ಕಬಡ್ಡಿಯವರೋ, ಖೋ-ಖೋದವರೋ, ಓಟದವರೋ ಆಗಿರುತ್ತಾರೆ. ಪ್ರಶ್ನೆ ಮಾತ್ರ ಒಂದೇ. ಗೆದ್ದವರ ಕಥೆ ಹೇಳಿ "ಧೈರ್ಯವಾಗಿ ಹಾಕಿ" ಎನ್ನುವುದು ಸುಲಭ. ಹಾಳಾದವರ ಕಥೆ ಹೇಳಿ "ಬೇಡ" ಎನ್ನುವುದು ಇನ್ನೂ ಸುಲಭ. ಸುನಿಲ್ ಅವರದು ಈ ಎರಡೂ ಬಗೆಯದಲ್ಲ. ಆದ್ದರಿಂದಲೇ ಅದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನ್ನ ಎಣಿಕೆ.

ಸುನಿಲ್ ಹುಟ್ಟಿದ್ದು 1989ರ ಮೇ 6ರಂದು, ಕೊಡಗಿನ ಸೋಮವಾರಪೇಟೆಯಲ್ಲಿ. ಹೆಸರಿನ ಮುಂದಿನ ಎರಡಕ್ಷರಗಳಲ್ಲಿ ಊರೂ ಇದೆ, ತಂದೆಯೂ ಇದ್ದಾರೆ: ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ತಂದೆ ಮರಗೆಲಸ ಮಾಡಿ ಸಂಸಾರ ನಡೆಸಿದವರು. ಹಾಕಿ ಕೋಲು ಕೊಳ್ಳುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಹುಡುಗ ಬಿದಿರಿನ ಕೋಲು ಹಿಡಿದು ಆಟ ಶುರು ಮಾಡಿದ.

ಕೋಲಿನ ಮಾತು ಬಂದಾಗ ನಮ್ಮ ಸೀಮೆಯ ರೇಷ್ಮೆ ಬೆಳೆಗಾರರ ಮಕ್ಕಳಿಗೆ ಒಂದು ಸಂಗತಿ ಹೇಳಬೇಕು. ಭಾರತದಲ್ಲಿ ಬಹುಕಾಲ ಹಾಕಿ ಕೋಲುಗಳನ್ನು ಮಾಡುತ್ತಿದ್ದದ್ದು ಹಿಪ್ಪುನೇರಳೆ ಮರದಿಂದ. ನಾವು ಹುಳುವಿಗೆ ಸೊಪ್ಪು ಹಾಕುವ ಗಿಡದ ಬಳಗವೇ! ನಾವು ಸೊಪ್ಪಿಗಾಗಿ ಕಡ್ಡಿ ಕತ್ತರಿಸಿ ಕತ್ತರಿಸಿ ಅದನ್ನು ಪೊದೆಯಾಗಿಯೇ ಉಳಿಸುತ್ತೇವೆ. ಬೆಳೆಯಲು ಬಿಟ್ಟರೆ ಅದು ದೊಡ್ಡ ಮರವಾಗುತ್ತದೆ, ಅದರ ಕಟ್ಟಿಗೆ ಪೆಟ್ಟು ತಾಳುವಷ್ಟು ಗಟ್ಟಿ, ಬಗ್ಗಿಸಲು ಬರುವಷ್ಟು ಮೆದು. ಈಗಿನ ಅಂತರರಾಷ್ಟ್ರೀಯ ಆಟಗಾರರ ಕೋಲುಗಳಲ್ಲಿ ಮರದ ಜಾಗವನ್ನು ಕಾರ್ಬನ್ ನಾರು, ಗಾಜಿನ ನಾರುಗಳು ಹಿಡಿದಿವೆ. ಬಿದಿರಾದರೋ ಒಳಗೆ ಟೊಳ್ಳು, ಪೆಟ್ಟು ಬಿದ್ದ ಕಡೆ ಉದ್ದಕ್ಕೆ ಸೀಳಿಕೊಳ್ಳುತ್ತದೆ. ಅಂಥ ಕೋಲಿನಲ್ಲಿ ಚೆಂಡನ್ನು ಬಲವಾಗಿ ಹೊಡೆಯಲಾಗದು. ತಳ್ಳಿಕೊಂಡು ಓಡಬೇಕು. ಮುಂದೆ ಸುನಿಲ್ ಹೆಸರಾದದ್ದು ಹೊಡೆತಕ್ಕಲ್ಲ, ಓಟಕ್ಕೆ. ಇವೆರಡಕ್ಕೂ ಸಂಬಂಧವಿದೆ ಎಂದು ನಾನು ಸಾಧಿಸಲು ಹೊರಟಿಲ್ಲ, ಸುಮ್ಮನೆ ಹೊಳೆದದ್ದನ್ನು ಹೇಳಿದೆ.

ಬಿದಿರಿನ ಕೋಲಿನ ಹುಡುಗ ಯಾರ ಕಣ್ಣಿಗೂ ಬೀಳದೆ ಹೋಗಬಹುದಿತ್ತು. ಬೀಳಲು ಕಾರಣ ಆ ನೆಲ. ಕೊಡಗಿನಲ್ಲಿ ಹಾಕಿ ಕೇವಲ ಶಾಲೆಯ ಆಟವಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ ಕುಟುಂಬಗಳ ಸಂಖ್ಯೆ 360. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುವ ಪಂದ್ಯಾವಳಿ ಜಗತ್ತಿನಲ್ಲಿ ಇನ್ನೆಲ್ಲಿದೆಯೋ ಕಾಣೆ. ಸುನಿಲ್ ಅಂಥ ಕೊಡವ ಮನೆತನದ ಹುಡುಗನಲ್ಲ, ಬಡಗಿಯ ಮಗ. ಆದರೆ ಚೆನ್ನಾಗಿ ಆಡುವವನನ್ನು ಕಂಡರೆ ಗುರುತಿಸಬಲ್ಲ ಕಣ್ಣುಗಳು ಆ ಊರುಗಳಲ್ಲಿ ಬೀದಿಗೊಂದು ಇದ್ದವು. ಪ್ರತಿಭೆ ಎಲ್ಲ ಊರಿನಲ್ಲೂ ಹುಟ್ಟುತ್ತದೆ ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಗುರುತಿಸುವ ಕಣ್ಣು ಎಲ್ಲ ಊರಿನಲ್ಲೂ ಇರುವುದಿಲ್ಲ ಎಂಬುದನ್ನು ಹೇಳಲು ಮರೆಯುತ್ತೇವೆ.

2007ರಲ್ಲಿ ಚೆನ್ನೈನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಸುನಿಲ್ ಮೊದಲ ಸಲ ಭಾರತದ ಅಂಗಿ ತೊಟ್ಟರು. ವಯಸ್ಸು ಹದಿನೆಂಟು. ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7–2ರಿಂದ ಸೋಲಿಸಿತು. ಎರಡು ವರ್ಷ ಕಳೆದು, 2009ರಲ್ಲಿ, ಮಲೇಷ್ಯಾದ ಇಪೋದಲ್ಲಿ ಅಜ್ಲಾನ್ ಷಾ ಪಂದ್ಯಾವಳಿ ಆಡುತ್ತಿದ್ದಾಗ ತಂದೆ ತೀರಿಕೊಂಡ ಸುದ್ದಿ ಬಂತು. ಸುನಿಲ್ ಊರಿಗೆ ಹೊರಡಲಿಲ್ಲ, ಅಲ್ಲೇ ಉಳಿದು ಆಡಿದರು. ಆ ಸಲ ಕಪ್ ಭಾರತಕ್ಕೆ ಬಂತು. ಇಂಥ ಸಂದರ್ಭವನ್ನು ತ್ಯಾಗ, ದೇಶಭಕ್ತಿ ಎಂದು ಕೊಂಡಾಡುವುದು ರೂಢಿ. ನನಗೆ ಹಾಗೆ ಕೊಂಡಾಡಲು ಮನಸ್ಸು ಬರುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗನಿಗೆ ತಂದೆಯ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ. ಮಗ ಆಟಗಾರನಾಗಲಿ ಎಂದು ಬಯಸುವ ತಂದೆತಾಯಂದಿರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮಗ ವರ್ಷದ ಬಹುಪಾಲು ಶಿಬಿರದಲ್ಲಿರುತ್ತಾನೆ, ಹಬ್ಬಕ್ಕೆ ಬರುವುದಿಲ್ಲ, ಕಷ್ಟಕ್ಕೂ ಬರಲಾಗದೆ ಹೋಗಬಹುದು.

ಈಗ ಸ್ವಲ್ಪ ಭೌತವಿಜ್ಞಾನ. ಸುನಿಲ್ ಅವರ ಓಟಕ್ಕೆ ಅಷ್ಟು ಬೆಲೆ ಬಂದದ್ದು ಏಕೆ ಎಂದು ತಿಳಿಯಬೇಕಾದರೆ ನೆಲದ ಕಡೆ ನೋಡಬೇಕು.

ಹುಲ್ಲಿನ ಮೈದಾನದಲ್ಲಿ ಚೆಂಡು ಪುಟಿಯುತ್ತ, ತೊಡರುತ್ತ ಬರುತ್ತದೆ. ಅದನ್ನು ನಿಲ್ಲಿಸುವುದೇ ಒಂದು ಕಲೆ. ಕೈಚಳಕವಿದ್ದವನೇ ಅಲ್ಲಿ ರಾಜ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಿದರು. ಅಲ್ಲಿ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಕೃತಕ ಹಾಸಿಗೆ ನೀರು ಹಾಕಿ ಒದ್ದೆ ಮಾಡುತ್ತಾರೆ. ಘರ್ಷಣೆ ಕಡಿಮೆಯಾಗುತ್ತದೆ, ಚೆಂಡು ಗೆರೆ ಎಳೆದ ಹಾಗೆ ನೇರವಾಗಿ ಸರಿಯುತ್ತದೆ. ಚೆಂಡು ವೇಗವಾಗಿ ಹೋದರೆ ಆಟಗಾರನೂ ವೇಗವಾಗಿ ಹೋಗಬೇಕಲ್ಲವೆ? ಕೈಚಳಕದ ಆಟ ಕಾಲುಬಲದ ಆಟವಾಯಿತು. ಮೈದಾನದ ಬಲ ಅಂಚಿನಲ್ಲಿ ಬಾಣದಂತೆ ನುಗ್ಗಿ ಎದುರಾಳಿಯ ರಕ್ಷಣೆಯನ್ನು ಚದುರಿಸುವ ಸುನಿಲ್‌ಗೆ ಈ ಹೊಸ ನೆಲ ಹೇಳಿ ಮಾಡಿಸಿದಂತಿತ್ತು. ಅದೇ ಹುಡುಗ 1950ರಲ್ಲಿ ಹುಟ್ಟಿದ್ದರೆ ಅವನ ಹೆಸರು ನಾವು ಕೇಳುತ್ತಿದ್ದೆವೋ ಇಲ್ಲವೋ.

ಘರ್ಷಣೆಯನ್ನು ಇನ್ನೂ ಇಳಿಸುತ್ತ ಹೋದರೆ ಕೊನೆಗೆ ತಲುಪುವುದು ಐಸ್ ಹಾಕಿಯನ್ನು. ಕೆನಡಾ, ರಷ್ಯಾ, ಸ್ವೀಡನ್ ದೇಶಗಳಲ್ಲಿ ಇದು ಹುಚ್ಚು ಹಿಡಿಸುವ ಆಟ. ನಮ್ಮಲ್ಲಿ ಲಡಾಖಿನವರು ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡುತ್ತಾರೆ. (ಮರಳವಾಡಿಯಲ್ಲಿ ಐಸ್ ಎಂದರೆ ಜಾತ್ರೆಯ ಐಸ್‌ಕ್ಯಾಂಡಿ ಗಾಡಿಯದು ಮಾತ್ರ.) ಅದರಲ್ಲಿ ಚೆಂಡಿಲ್ಲ, ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಆಟಕ್ಕೆ ಮೊದಲು ಅದನ್ನು ಶೈತ್ಯಪೆಟ್ಟಿಗೆಯಲ್ಲಿಟ್ಟು ಚೆನ್ನಾಗಿ ತಣಿಸುತ್ತಾರೆ. ತಣ್ಣಗಾದ ರಬ್ಬರು ಪುಟಿಯುವುದು ಕಡಿಮೆ. ಒಂದು ಸ್ವಾರಸ್ಯ ನೋಡಿ. ಪಕ್ಕಿನ ತೂಕ 156ರಿಂದ 170 ಗ್ರಾಂ. ಹಾಕಿ ಚೆಂಡಿನದು 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡಿನದೂ ಹೆಚ್ಚುಕಡಿಮೆ ಅಷ್ಟೇ. ಮೂರು ಆಟ, ಒಂದೇ ತೂಕ. ವ್ಯತ್ಯಾಸವೆಲ್ಲ ವೇಗದಲ್ಲಿ. ನುರಿತ ಆಟಗಾರ ಬೀಸಿ ಹೊಡೆದ ಪಕ್ ಗಂಟೆಗೆ 160 ಕಿಲೋಮೀಟರ್ ವೇಗ ಮುಟ್ಟಬಲ್ಲದು. ಹತ್ತನೆಯ ತರಗತಿಯವರು ಚಲನಶಕ್ತಿಯ ಸೂತ್ರ ಹಾಕಿ ನೋಡಿ: 160 ಗ್ರಾಂ ತೂಕ, ಸೆಕೆಂಡಿಗೆ ಸುಮಾರು 44 ಮೀಟರ್ ವೇಗ, ಅಂದರೆ ಸರಿಸುಮಾರು 155 ಜೂಲ್. ಒಂದು ಕಿಲೋ ಬೆಲ್ಲದ ಅಚ್ಚನ್ನು ಐದನೆಯ ಮಹಡಿಯಿಂದ ಕೆಳಗೆ ಬಿಟ್ಟರೆ ನೆಲಕ್ಕೆ ಬಡಿಯುವಾಗ ಎಷ್ಟು ಶಕ್ತಿ ಇರುತ್ತದೋ ಅಷ್ಟು. ಅದನ್ನು ಎದೆಯೊಡ್ಡಿ ತಡೆಯುವವನೇ ಗೋಲ್‌ಕೀಪರ್.

ಮಂಜುಗಡ್ಡೆ ಅಷ್ಟು ಜಾರುವುದೇಕೆ? ಸ್ಕೇಟಿನ ಅಲಗಿನ ಒತ್ತಡಕ್ಕೆ ಮಂಜು ಕರಗಿ ನೀರಾಗುತ್ತದೆ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಲೆಕ್ಕ ಹಾಕಿದರೆ ಆ ಒತ್ತಡ ಸಾಲುವುದಿಲ್ಲ. ಮಂಜಿನ ಮೇಲ್ಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ, ನೀರಿನಂಥ ತೆಳುಪದರವೊಂದು ಮೊದಲೇ ಅಲ್ಲಿರುತ್ತದೆ. ಉಜ್ಜುವಿಕೆಯ ಶಾಖ ಅದಕ್ಕೆ ಜೊತೆಗೂಡುತ್ತದೆ. ಇಂಥ ಪದರದ ಸೂಚನೆಯನ್ನು 1850ರಲ್ಲೇ ಮೈಕೇಲ್ ಫ್ಯಾರಡೆ ಕೊಟ್ಟಿದ್ದ. ಈ ವಿಷಯವನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ.

ಸುನಿಲ್ ಕಡೆಗೆ ಬರೋಣ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹನ್ನೆರಡು ತಂಡಗಳಿದ್ದವು, ಭಾರತ ಹನ್ನೆರಡನೆಯದಾಯಿತು. ಆ ಅವಮಾನ ಅನುಭವಿಸಿದ ತಂಡದಲ್ಲಿ ಅವರಿದ್ದರು. ಎರಡು ವರ್ಷ ಕಳೆದು 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಷೂಟೌಟ್‌ನಲ್ಲಿ 4–2ರಿಂದ ಮಣಿಸಿ, ಹದಿನಾರು ವರ್ಷಗಳ ನಂತರ ಚಿನ್ನ ತಂದ ತಂಡದಲ್ಲೂ ಇದ್ದರು. 2016ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ. ಅದೇ ವರ್ಷದ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಬೆಲ್ಜಿಯಂಗೆ ಸೋಲು. ಆ ಸಾಲಿನ ಏಷ್ಯಾದ ಅತ್ಯುತ್ತಮ ಆಟಗಾರನೆಂದು ಏಷ್ಯನ್ ಹಾಕಿ ಫೆಡರೇಷನ್ ಆರಿಸಿದ್ದು ಸುನಿಲ್‌ರನ್ನು. 2017ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ಹಣದ ವಿಷಯವನ್ನು ನಮ್ಮ ಪತ್ರಿಕೆಗಳು ಕ್ರಿಕೆಟ್ಟಿಗರ ಸಂಬಂಧದಲ್ಲಿ ಮಾತ್ರ ಬರೆಯುತ್ತವೆ. ಹಾಕಿಯಲ್ಲಿ ಆಟವೇ ವೃತ್ತಿಯಾಗುವ ಕಾಲ ಬಂದದ್ದು 2013ರಲ್ಲಿ, ಹಾಕಿ ಇಂಡಿಯಾ ಲೀಗ್ ಶುರುವಾದಾಗ. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟು ಲಾಟಾಗಿ ಹರಾಜು ನಡೆಯುವಂತೆ ಅಲ್ಲಿ ಆಟಗಾರರ ಹರಾಜು ನಡೆಯಿತು. ಸುನಿಲ್ ಪಂಜಾಬ್ ವಾರಿಯರ್ಸ್ ತಂಡಕ್ಕೆ ಆಡಿದರು. 2016ರಲ್ಲಿ ಆ ತಂಡ ಲೀಗ್ ಗೆದ್ದಿತು. ಆದರೆ 2017ರ ನಂತರ ಲೀಗ್ ನಿಂತುಹೋಯಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್ ಕೊನೆಯಲ್ಲಿ. ನಡುವೆ ಏಳು ವರ್ಷ. ಗೂಡು ಕಟ್ಟಿದ ಹೊತ್ತಿಗೆ ಮಾರುಕಟ್ಟೆಯೇ ಮುಚ್ಚಿದ್ದರೆ ರೈತನ ಪಾಡೇನು? ಒಬ್ಬ ಆಟಗಾರನ ಒಳ್ಳೆಯ ವರ್ಷಗಳು ಹತ್ತು ಎಂದಿಟ್ಟುಕೊಂಡರೆ ಅದರಲ್ಲಿ ಏಳು ಹೋದವು. ಸುನಿಲ್ ಅವರ ತಪ್ಪೇನೂ ಅದರಲ್ಲಿಲ್ಲ. ಆಟಗಾರನ ಕೈಯಲ್ಲಿ ಕೋಲು ಇರುತ್ತದೆ, ಲೀಗ್ ಇರುವುದಿಲ್ಲ.

2018ರಲ್ಲಿ ಮೊಣಕಾಲು ಕೈಕೊಟ್ಟಿತು. ಮೊಣಕಾಲಿನ ಕೀಲು ಬಾಗಿಲಿನ ತಿರುಗಣಿಯ ಹಾಗೆ. ಹಿಂದಕ್ಕೂ ಮುಂದಕ್ಕೂ ಚೆನ್ನಾಗಿ ಮಡಚಿಕೊಳ್ಳುತ್ತದೆ, ಪಕ್ಕಕ್ಕೆ ತಿರುಚುವುದಕ್ಕೆ ಒಪ್ಪುವುದಿಲ್ಲ. ತೊಡೆಮೂಳೆಯನ್ನೂ ಕಾಲಿನ ಮೂಳೆಯನ್ನೂ ಹಿಡಿದಿಟ್ಟಿರುವುದು ಅಸ್ಥಿರಜ್ಜುಗಳೆಂಬ ಗಟ್ಟಿ ನಾರಿನ ಪಟ್ಟಿಗಳು. ವೇಗವಾಗಿ ಓಡುತ್ತಿರುವವನು ತಟ್ಟನೆ ದಿಕ್ಕು ಬದಲಿಸಿದಾಗ ಪಾದ ಹಾಸಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ಆ ತಿರುಚು ಬಲವನ್ನೆಲ್ಲ ಈ ಪಟ್ಟಿಗಳು ಹೊರಬೇಕು. ಮಾಂಸಖಂಡಕ್ಕೆ ಹರಿಯುವಷ್ಟು ರಕ್ತ ಅವಕ್ಕೆ ಹರಿಯುವುದಿಲ್ಲವಾದ್ದರಿಂದ ಗಾಯವಾದರೆ ಮಾಗುವುದು ನಿಧಾನ. ಓಟವೇ ಬಂಡವಾಳವಾದವನಿಗೆ ಇದಕ್ಕಿಂತ ಕೆಟ್ಟ ಗಾಯ ಬೇರೊಂದಿಲ್ಲ. ಆ ವರ್ಷದ ಕೊನೆಗೆ ಭುವನೇಶ್ವರದಲ್ಲಿ, ನಮ್ಮದೇ ನೆಲದಲ್ಲಿ ನಡೆದ ವಿಶ್ವಕಪ್‌ಗೆ ಸುನಿಲ್ ಇರಲಿಲ್ಲ.

ಆದರೂ ಮರಳಿ ಬಂದರು. 2019ರ ನವೆಂಬರ್‌ನಲ್ಲಿ ಅದೇ ಭುವನೇಶ್ವರದಲ್ಲಿ ರಷ್ಯಾದ ವಿರುದ್ಧ ಎರಡು ಪಂದ್ಯಗಳ ಅರ್ಹತಾ ಸುತ್ತು. ಗೆದ್ದವರಿಗೆ ಟೋಕಿಯೋ ಒಲಿಂಪಿಕ್ಸ್. ಮೊದಲ ಪಂದ್ಯವನ್ನು ಭಾರತ 4–2ರಿಂದ ಗೆದ್ದಿತು. ಆ ನಾಲ್ಕರಲ್ಲಿ ಒಂದು ಗೋಲು ಸುನಿಲ್ ಅವರದು. ಎರಡನೆಯದರಲ್ಲಿ 11–1. ಟಿಕೆಟ್ ಸಿಕ್ಕಿತು. ಒಲಿಂಪಿಕ್ಸ್ ನಡೆಯಬೇಕಿದ್ದದ್ದು 2020ರ ಜುಲೈಯಲ್ಲಿ. ಕೊರೊನಾ ಬಂತು, ಒಂದು ವರ್ಷ ಮುಂದೆ ಹೋಯಿತು. ಹೆಚ್ಚಿನವರಿಗೆ ಒಂದು ವರ್ಷವೆಂದರೆ ಒಂದು ವರ್ಷ. ಮೊಣಕಾಲಿಗೆ ಪೆಟ್ಟು ತಿಂದು ಎದ್ದ, ಮೂವತ್ತೆರಡಕ್ಕೆ ಕಾಲಿಟ್ಟ ಮುನ್ನುಗ್ಗು ಆಟಗಾರನಿಗೆ ಅದು ಬೇರೆಯೇ ಅಳತೆ. 2021ರಲ್ಲಿ ಮೊದಲು ಪ್ರಕಟವಾದ ಹದಿನಾರು ಜನರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮೀಸಲು ಆಟಗಾರರನ್ನೂ ಸೇರಿಸಿಕೊಂಡ ಮೇಲೂ ಇರಲಿಲ್ಲ. 2020ರಲ್ಲೇ ಒಲಿಂಪಿಕ್ಸ್ ನಡೆದಿದ್ದರೆ ಹೋಗುತ್ತಿದ್ದರೇ? ಹೇಳಲಾಗದು. ಆಯ್ಕೆಗಾರರು ತಪ್ಪು ಮಾಡಿದರೆಂದು ಹೇಳುವುದಕ್ಕೂ ಆಗದು, ಹೋದ ತಂಡ ಪದಕ ಗೆದ್ದು ಬಂತಲ್ಲ!

ಆಟದಲ್ಲಿ ಎರಡನೆಯ ಅವಕಾಶ ಸಿಗುವುದೂ ಉಂಟು. ಸೋಮವಾರಪೇಟೆಯವರೇ ಆದ ಬಿ.ಪಿ. ಗೋವಿಂದ 1973ರ ವಿಶ್ವಕಪ್ ಫೈನಲ್‌ನಲ್ಲಿ ಹಾಲೆಂಡ್ ವಿರುದ್ಧ ಹೆಚ್ಚುವರಿ ಆಟದಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ತಪ್ಪಿದರು. ಅದು ಗೋಲಾಗಿದ್ದರೆ ಅಲ್ಲಿಗೇ ಕಪ್ ನಮ್ಮದು. ಭಾರತ ಸೋತಿತು. ಎರಡೇ ವರ್ಷಕ್ಕೆ, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದ ಇದ್ದರು. ಒಂದೇ ಊರಿನ ಇಬ್ಬರು. ಒಬ್ಬರಿಗೆ ಕಾಲ ತಿರುಗಿ ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಇದಕ್ಕೆ ಸೂತ್ರವಿಲ್ಲ. ಮೇಷ್ಟರ ಕಪ್ಪುಹಲಗೆಯ ಮೇಲೆ ಬಿಡಿಸುವ ಲೆಕ್ಕವಲ್ಲ ಇದು.

ಆಟವೇ ಹಣವಾಗಿರುವ ದೇಶಗಳಲ್ಲಿ ಹೇಗೆ ನಡೆಯುತ್ತದೆ? ಐಸ್ ಹಾಕಿಯ ಕಡೆಗೇ ಮತ್ತೊಮ್ಮೆ ನೋಡಬಹುದು. ಅಮೆರಿಕ-ಕೆನಡಾಗಳ ವೃತ್ತಿಪರ ಲೀಗಿನಲ್ಲಿ ತಂಡವೊಂದು ಒಂದು ಋತುವಿನಲ್ಲಿ ಎಂಬತ್ತಕ್ಕೂ ಹೆಚ್ಚು ಪಂದ್ಯ ಆಡುತ್ತದೆ. ಹುಡುಗರು ಹದಿನೆಂಟರಲ್ಲೇ ಒಪ್ಪಂದಕ್ಕೆ ಸಹಿ ಹಾಕುವುದುಂಟು. ಅಲ್ಲಿ ಕೆನ್ ಡ್ರೈಡನ್ ಎಂಬ ಗೋಲ್‌ಕೀಪರ್ ಇದ್ದ. 1947ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ವೃತ್ತಿಪರ ತಂಡವೊಂದು ಅವನನ್ನು ತನ್ನ ಪಟ್ಟಿಗೆ ಆರಿಸಿಕೊಂಡಿತ್ತು. ಅವನು ಹೋಗಲಿಲ್ಲ, ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಸೇರಿ ಅಲ್ಲೇ ಓದಿದ, ಅಲ್ಲೇ ಆಡಿದ. 1971ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ ಬಂದ; ಬಂದ ವರ್ಷವೇ ಸ್ಟಾನ್ಲಿ ಕಪ್ ಗೆದ್ದ. ಆಡುತ್ತಲೇ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ ಮುಗಿಸಿದ. 1973–74ರ ಋತುವಿನಲ್ಲಿ ಸಂಬಳದ ತಕರಾರಿನಿಂದ ತಂಡದಿಂದ ಹೊರಗುಳಿದಾಗ ಮನೆಯಲ್ಲಿ ಕೂರಲಿಲ್ಲ, ವಕೀಲರ ಕಚೇರಿಯಲ್ಲಿ ಕಿರಿಯನಾಗಿ ಕೆಲಸ ಕಲಿತ. ಒಟ್ಟು ಆರು ಸ್ಟಾನ್ಲಿ ಕಪ್ ಗೆದ್ದು 1979ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಇನ್ನೂ ಆಡುವ ಶಕ್ತಿ ಇದ್ದಾಗಲೇ ಬಿಟ್ಟ. ಆಮೇಲೆ ಪುಸ್ತಕ ಬರೆದ, 2004ರಲ್ಲಿ ಸಂಸತ್ತಿಗೆ ಆರಿಸಿ ಬಂದ, ಮಂತ್ರಿಯೂ ಆದ. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ.

ಡ್ರೈಡನ್ ಕಥೆ ಕೇಳಿದ ಕೂಡಲೇ "ನೋಡಿದೆಯಾ, ಓದೂ ಆಟವೂ ಎರಡೂ ಆಗುತ್ತದೆ" ಎಂದು ಮಗನಿಗೆ ಹೇಳಲು ಹೊರಡಬೇಡಿ. ಅವನಿಗೆ ಆದದ್ದು ಅವನ ಬುದ್ಧಿವಂತಿಕೆಯಿಂದ ಮಾತ್ರವಲ್ಲ. ಓದುವ ಕೊಠಡಿಯೂ ಆಡುವ ಅಂಗಳವೂ ಒಂದೇ ಆವರಣದಲ್ಲಿದ್ದವು. ಪಾಠ ಹೇಳುವವರಿಗೂ ಆಟ ಹೇಳುವವರಿಗೂ ಅವನು ಒಂದೇ ಸಂಸ್ಥೆಯ ಹುಡುಗ. ನಮ್ಮಲ್ಲಿ ಎಷ್ಟೋ ಕಡೆ ಆಟದಲ್ಲಿ ಮುಂದಿರುವ ಹುಡುಗ ತರಗತಿಯಲ್ಲಿ ಹಾಜರಿ ಪುಸ್ತಕದ ಒಂದು ಹೆಸರು ಅಷ್ಟೆ. ಪಂದ್ಯಾವಳಿಯಿಂದ ಹದಿನೈದು ದಿನ ತಡವಾಗಿ ಬಂದರೆ ಬಿಟ್ಟುಹೋದ ಪಾಠವನ್ನು ಮತ್ತೆ ಹೇಳಿಕೊಡುವವರು ಯಾರು? ಇನ್ನೊಂದು ಕಡೆ, ಹತ್ತನೆಯ ತರಗತಿ ಬಂತೆಂದರೆ ಆಟದ ಪೀರಿಯಡ್ಡನ್ನೆಲ್ಲ ಗಣಿತಕ್ಕೂ ವಿಜ್ಞಾನಕ್ಕೂ ಕೊಟ್ಟುಬಿಡುವ ಶಾಲೆಗಳಿವೆ. ವಿಜ್ಞಾನದ ಮೇಷ್ಟರಾಗಿ ಹೇಳುತ್ತೇನೆ, ಹಾಗೆ ಸಿಕ್ಕ ಪೀರಿಯಡ್ಡಿನಲ್ಲಿ ಹುಡುಗರ ತಲೆಗೆ ಏನೂ ಹೋಗುವುದಿಲ್ಲ; ಅವರ ಕಣ್ಣೆಲ್ಲ ಕಿಟಕಿಯ ಹೊರಗೆ.

ನಮ್ಮ ದೇಶದಲ್ಲಿ ಹಾಕಿ ಆಟಗಾರರಿಗೆ ನೆರಳು ಕೊಟ್ಟದ್ದು ಲೀಗ್ ಅಲ್ಲ, ನೌಕರಿ. ಸೇನೆ, ರೈಲ್ವೆ, ಬ್ಯಾಂಕು, ತೈಲ ಕಂಪನಿಗಳು. ಕೊಡಗಿನ ಎಂ.ಪಿ. ಗಣೇಶ್ ಮೊದಲು ಆಡುತ್ತಿದ್ದದ್ದು ಫುಟ್‌ಬಾಲ್. ಸೇನೆಗೆ ಸೇರಿ ಸರ್ವಿಸಸ್ ತಂಡದ ಹಾಕಿ ಆಟಗಾರರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಗೋವಿಂದ ಸ್ಟ್ರೋಕ್ ತಪ್ಪಿದ ಆ 1973ರ ತಂಡಕ್ಕೆ ನಾಯಕರು ಇವರೇ. ಆಮೇಲೆ ತರಬೇತುದಾರರಾಗಿ, ಆಡಳಿತಗಾರರಾಗಿ ದುಡಿದರು. 2020ರಲ್ಲಿ ಪದ್ಮಶ್ರೀ ಬಂತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಸೋಮಯ್ಯನವರಿಗೆ ಭಾರತ್ ಪೆಟ್ರೋಲಿಯಂ ನೌಕರಿಯಿತ್ತು. ಆಡುವಷ್ಟು ದಿನ ಆಡಿ, ಆಮೇಲೆ ಮೇಜಿನ ಮುಂದೆ ಕುಳಿತು ಅಧಿಕಾರಿಯಾಗಿ ಕೆಲಸ ಮಾಡಿದವರು. ಆದರೆ ಈ ನೆರಳೂ ಶಾಶ್ವತವೇನಲ್ಲ. ಒಂದು ಕಾಲಕ್ಕೆ ದೇಶದ ಬಲಿಷ್ಠ ಹಾಕಿ ತಂಡಗಳಲ್ಲಿ ಇಂಡಿಯನ್ ಏರ್‌ಲೈನ್ಸ್ ಒಂದಾಗಿತ್ತು. ಆ ಕಂಪನಿ ಏರ್ ಇಂಡಿಯಾದಲ್ಲಿ ಲೀನವಾಯಿತು, ಏರ್ ಇಂಡಿಯಾ 2022ರಲ್ಲಿ ಟಾಟಾ ಕೈ ಸೇರಿತು. ಕ್ರೀಡಾ ಕೋಟಾದಲ್ಲಿ ಸೇರಿದವನಿಗೂ ಬಡ್ತಿಯ ಹೊತ್ತಿಗೆ ಪದವಿ ಕೇಳುತ್ತಾರೆ, ಕಡತ ಓದಿ ಟಿಪ್ಪಣಿ ಬರೆಯಲು ಬರುತ್ತದೆಯೇ ಎಂದು ನೋಡುತ್ತಾರೆ. ಆಗ ಮೂವತ್ತೈದು ವರ್ಷದವನಿಗೆ ಎಂಟನೆಯ ತರಗತಿಯಲ್ಲಿ ಬಿಟ್ಟುಹೋದ ಭಿನ್ನರಾಶಿ ನೆನಪಾಗುತ್ತದೆ.

ಇಷ್ಟೆಲ್ಲ ಹೇಳಿ, ಹಾಕಿ ಎನ್ನುತ್ತೀರೋ ಬೇಡ ಎನ್ನುತ್ತೀರೋ ಎಂದು ಕೇಳುವಿರಿ. ನನ್ನ ಅಭಿಪ್ರಾಯ ಹೀಗಿದೆ. ಓದಿಗೆ ಪೂರಕ ಪರೀಕ್ಷೆ ಉಂಟು, ಓಟಕ್ಕೆ ಇಲ್ಲ. ಪಿಯುಸಿಯನ್ನು ಇಪ್ಪತ್ತೈದರಲ್ಲೂ ಮುಗಿಸಬಹುದು. ರಾಷ್ಟ್ರೀಯ ಮುಕ್ತ ಶಾಲೆ ಇದೆ. ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ. ಆದರೆ ಹದಿನೈದರಲ್ಲಿ ಪಳಗಬೇಕಾದ ಕಾಲು ಇಪ್ಪತ್ತೈದರಲ್ಲಿ ಪಳಗುವುದಿಲ್ಲ. ಮಾಂಸಖಂಡದಲ್ಲಿ ಚುರುಕಾಗಿ ಸಂಕುಚಿಸುವ ಎಳೆಗಳೆಂದೂ ನಿಧಾನವಾಗಿ ದುಡಿಯುವ ಎಳೆಗಳೆಂದೂ ಎರಡು ಬಗೆ. ತಟ್ಟನೆ ನುಗ್ಗುವ ಓಟಕ್ಕೆ ಬೇಕಾದ ಚುರುಕಿನ ಎಳೆಗಳು ವಯಸ್ಸಾದಂತೆ ಮೊದಲು ಸೊರಗುತ್ತವೆ. ಆದ್ದರಿಂದ ನಿಜವಾಗಿ ಮುಂದಿರುವ ಹುಡುಗನನ್ನೋ ಹುಡುಗಿಯನ್ನೋ, "ಮೊದಲು ಡಿಗ್ರಿ ಮುಗಿಸು, ಆಮೇಲೆ ಆಡು" ಎಂದು ಹಿಡಿದು ನಿಲ್ಲಿಸುವುದು ಸರಿಯಲ್ಲ. ಆ "ಆಮೇಲೆ" ಬರುವುದೇ ಇಲ್ಲ. ನಿಜವಾಗಿ ಮುಂದಿದ್ದಾರೆಯೇ ಎಂಬುದನ್ನು ಮಾತ್ರ ನಮ್ಮ ಊರಿನ ಚಪ್ಪಾಳೆಯಿಂದ ಅಳೆಯಬೇಡಿ. ಜಿಲ್ಲೆಯ ಆಚೆಗಿನ ತರಬೇತುದಾರರೊಬ್ಬರ ಕಣ್ಣಿಗೆ ಬೀಳಲಿ.

ಆದರೆ ಮುಕ್ತ ಶಾಲೆ ಇದೆ ಎಂದು ಎಂಟನೆಯ ತರಗತಿಗೇ ಪುಸ್ತಕ ಕಟ್ಟಿಡುವುದೂ ಸಲ್ಲದು. ಇಪ್ಪತ್ತೈದರಲ್ಲಿ ಮತ್ತೆ ಶುರು ಮಾಡಲು ಕಷ್ಟವಾಗುವುದು ಪ್ರಮಾಣಪತ್ರವಲ್ಲ, ಕುಳಿತು ಓದುವ ಅಭ್ಯಾಸ. ದಿನಕ್ಕೆ ಒಂದು ಗಂಟೆ ಸಾಕು. ಕನ್ನಡ ತಪ್ಪಿಲ್ಲದೆ ಬರೆಯುವುದು, ಇಂಗ್ಲಿಷ್ ಪತ್ರ ಓದಿ ಅರ್ಥ ಮಾಡಿಕೊಳ್ಳುವುದು, ಬಡ್ಡಿ ಲೆಕ್ಕ, ಶೇಕಡಾವಾರು. ಇಷ್ಟಿದ್ದರೆ ಒಪ್ಪಂದದ ಕಾಗದ ಮುಂದೆ ಬಂದಾಗ ಸಹಿ ಹಾಕುವ ಮೊದಲು ಓದಿ ನೋಡಬಹುದು.

ಕೂಡಿಗೆಯ ಕ್ರೀಡಾ ಶಾಲೆಯಾಗಲಿ, ಇಲಾಖೆಯ ಬೇರೆ ಕ್ರೀಡಾ ಹಾಸ್ಟೆಲುಗಳಾಗಲಿ, ಆಯ್ಕೆಗೆ ಕರೆದುಕೊಂಡು ಹೋಗುವ ತಂದೆತಾಯಂದಿರು ಅಲ್ಲಿ ಊಟ ಹೇಗಿದೆ, ಮೈದಾನ ಹೇಗಿದೆ ಎಂದು ವಿಚಾರಿಸುತ್ತಾರೆ. ಅದು ಸರಿಯೇ. ಜೊತೆಗೆ ಇನ್ನೊಂದನ್ನೂ ಕೇಳಿ: ಕಳೆದ ಐದು ವರ್ಷಗಳಲ್ಲಿ ಇಲ್ಲಿ ಗಾಯವಾಗಿ ಆಟ ಬಿಟ್ಟ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ? ಪದಕ ಗೆದ್ದವರ ಹೆಸರುಗಳು ಗೋಡೆಯ ಹಲಗೆಯ ಮೇಲೆ ಬರೆದಿರುತ್ತವೆ. ಇವರ ಹೆಸರುಗಳನ್ನು ಬಾಯಿಬಿಟ್ಟು ಕೇಳಬೇಕು. ತಟ್ಟನೆ ನಾಲ್ಕು ಹೆಸರು ಹೇಳಿ, ಒಬ್ಬ ಐಟಿಐ ಮುಗಿಸಿದ, ಇನ್ನೊಬ್ಬ ದೈಹಿಕ ಶಿಕ್ಷಣದ ಕೋರ್ಸಿಗೆ ಸೇರಿದ ಎಂದು ವಿವರ ಕೊಡುವ ವಾರ್ಡನ್ ಸಿಕ್ಕಿದರೆ ಆ ಜಾಗ ಒಳ್ಳೆಯದೆಂದು ತಿಳಿಯಬಹುದು.

ಸುನಿಲ್ ನಿವೃತ್ತಿಯ ದಿನ ಹೊರಡಿಸಿದ ಹೇಳಿಕೆಯಲ್ಲಿ ತಮ್ಮ ದೇಹ ಇನ್ನೂ ಆಡಬಲ್ಲೆನೆನ್ನುತ್ತಿದೆ, ಹೃದಯವೂ ಮುನ್ನಡೆ ಎನ್ನುತ್ತಿದೆ, ಬುದ್ಧಿ ಮಾತ್ರ ಬಿಡುವು ತೆಗೆದುಕೊಳ್ಳುವ ಹೊತ್ತಾಯಿತೆನ್ನುತ್ತಿದೆ ಎಂಬ ಅರ್ಥದ ಮಾತು ಬರೆದಿದ್ದರು. ರಾಷ್ಟ್ರೀಯ ಶಿಬಿರಕ್ಕೆ ಇನ್ನು ತಾವು ಬರುವುದಿಲ್ಲವೆಂದರು. ಆದರೆ ಒಂದು ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಕಡೆಗೆ ಐದೈದು ಜನರು ಚಿಕ್ಕ ಅಂಗಳದಲ್ಲಿ ಆಡುವ ಹಾಕಿಯೊಂದಿದೆ. ಅದಕ್ಕೆ ಕರೆದರೆ ಬರುತ್ತೇನೆ ಎಂದಿದ್ದರು.